ಮಂಗಳವಾರದ ಮಾರನೇ ದಿನ

ಅಲ್ಲಿಯ ರಾತ್ರಿ ಇಲ್ಲಿಯ ಬೆಳಗಾಗುವುದರಿಂದ
ಅಮೆರಿಕದ ಮಂಗಳವಾರ ನಮ್ಮನ್ನು ಮುಟ್ಟುವುದು
ಯಾವತ್ತೂ ವೀರಾಜಪೇಟೆಯ ಬುಧವಾರದ ಸಂತೆಯಲ್ಲೇ,
ಒಣಮೀನು, ಹಗ್ಗ, ಕಾಚಂಪುಳಿ ಸೀಸೆಗಳ ನಡುವೆ.

ಪೋಕರ್ ಹಾಜಿಯ ಮಂಡಿಯ ಕರಿಹಲಗೆಯಲ್ಲಿ
ರೇಟು ಬರೆಯುವ ಗುಮಾಸ್ತ ನಾನು.
ನನಗಿಂತ ಮೊದಲು ನನ್ನಪ್ಪ ಲಾದ್ರು ಬರೆಯುತ್ತಿದ್ದ:
ಮೆಣಸು, ಏಲಕ್ಕಿ, ಕಿತ್ತಳೆ.
ಕಾಫಿಯ ಸಾಲು ಖಾಲಿ. ಅದು ಬೋರ್ಡಿನ ಪೂಲಿಗೆ ಹೋಗುತ್ತಿತ್ತು,
ನ್ಯೂಯಾರ್ಕು ಕೆಮ್ಮಿದರೆ ನಮಗೇನೂ ಕೇಳಿಸುತ್ತಿರಲಿಲ್ಲ.

ಅರವತ್ತರಲ್ಲಿ ನನಗೆ ಒಂಬತ್ತು.
ನಿಂತವರಲ್ಲೊಬ್ಬ ನಮ್ಮ ಇಗರ್ಜಿಯವನೆಂದು
ಪಾದ್ರಿಗಳ ರೇಡಿಯೋ ಮುಂದೆ ಬೆಂಚು ಹಾಕಿ
ಜಪಸರ ಹಿಡಿದು ಕೂತಿದ್ದರು ಕೊಂಕಣಿ ಮಾತಿನ ಅಷ್ಟೂ ಗಂಡಸರು,
ಓಹಾಯೋದ ಲೆಕ್ಕ ಕೇಳುತ್ತ.
ಓಹಾಯೋ ಎಲ್ಲಿದೆ ಅಂದೆ.
"ಸೋಮವಾರಪೇಟೆಯಾಚೆ" ಅಂದ ಅಪ್ಪ.

ಗರಗರ ಸದ್ದಿನಲ್ಲಿ ಪಾದ್ರಿಗಳು ಹೇಳಿದರು:
ಮಂಗಳವಾರವೇ ಯಾಕೆ ಗೊತ್ತೋ? ಅವರೂ ಬೇಸಾಯದವರು.
ಭಾನುವಾರ ದೇವರಿಗೆ. ಸೋಮವಾರ ಗಾಡಿ ಹೂಡಿದರೆ
ಮಂಗಳವಾರ ಓಟು. ಬುಧವಾರ ಸಂತೆಗಿರಬೇಕು.
"ಅವರದೂ ಬುಧವಾರವೇ!" ತೊಡೆ ತಟ್ಟಿದ ಅಪ್ಪ,
ದೂರದ ದಾಯಾದಿ ಸಿಕ್ಕವನ ಹಾಗೆ.

ಆಮೇಲೆ ನಾನೂ ಅಷ್ಟಿಷ್ಟು ಓದಿದ್ದೇನೆ.
ಮೊದಮೊದಲು ಎಷ್ಟೋ ಕಡೆ ಓಟೆಂದರೆ ಕಟ್ಟೆ ಹತ್ತಿ ಹೆಸರು ಕೂಗುವುದು,
ಸಾಲ ಕೊಟ್ಟವ ಕೆಳಗೆ ನಿಂತು ಕೇಳುತ್ತಿರುವಾಗ.
ಕೂಗಲು ಗಂಡಸಾಗಿರಬೇಕು, ಜಮೀನಿರಬೇಕು, ಬಿಳಿಯನಾಗಿರಬೇಕು.
ನಿಂತವ ಮಾತ್ರ ಬಾಯಿ ಬಿಡಬಾರದು;
ತನಗೇ ಓಟು ಕೇಳುವುದೆಂದರೆ ಮದುಮಗ ತಾನೇ
ಹೆಣ್ಣು ಕೇಳಲು ಹೊರಟಷ್ಟು ನಾಚಿಕೆಗೇಡು.
ಜಗಲಿಯಲ್ಲಿ ಕೂತಿರುತ್ತಿದ್ದ, ಊರೇ ಅಲ್ಲಿಗೆ ಬರುತ್ತಿತ್ತು.
ಮುಂದೆ ರೈಲಿನ ಹಿಂಬಾಗಿಲಲ್ಲಿ ನಿಂತು ಕೇಳಿದ,
ಟೀವಿಯಲ್ಲಿ ಬೆವರೊರೆಸಿಕೊಂಡು ಕೇಳಿದ,
ಈಗ ನಮ್ಮ ಅಂಗೈಯೊಳಗಿಂದ, ನಡುರಾತ್ರಿ,
ಬೈಯುತ್ತ ಕೇಳುತ್ತಾನೆ.

ನಮಗೂ ಒಂದು ರಾಜ್ಯವಿತ್ತು, ಕೊಡಗೆಂದು.
ಇಪ್ಪತ್ನಾಲ್ಕು ಶಾಸಕರು, ಮಡಿಕೇರಿಯೇ ರಾಜಧಾನಿ.
ಐವತ್ತೆರಡರಲ್ಲಿ ಒಬ್ಬೊಬ್ಬನಿಗೆ ಒಂದೊಂದು ಪೆಟ್ಟಿಗೆ;
ಅಲ್ಲಿಯ ಹೆಂಗಸರು ನೂರಮೂವತ್ತು ವರ್ಷ ಕಾದು ಪಡೆದದ್ದು
ಅಮ್ಮನಿಗೆ ಮೊದಲ ಸಲವೇ ಸಿಕ್ಕಿತು.
ಅವಳು ಚೀಟಿ ಹಾಕಿ ಓಡಿ ಬಂದಳು, ಒಲೆಯ ಮೇಲೆ ಅನ್ನವಿತ್ತು.
ನಾಲ್ಕೇ ವರ್ಷಕ್ಕೆ ರಾಜ್ಯ ಹೋಯಿತು.
ಉಳಿದಿದ್ದರೆ ನಾವೂ ವಯೋಮಿಂಗಿನ ಹಾಗಿರುತ್ತಿದ್ದೆವೇನೋ.
ಅದಕ್ಕೆ ಮೂರು ಓಟು. ಕೇಳಲು ಯಾರೂ ಹೋಗುವುದಿಲ್ಲವಂತೆ.

ಎರಡು ಸಾವಿರದ ಆ ಬುಧವಾರ
ಸೀಮೆಸುಣ್ಣ ಹಿಡಿದು ನಿಂತವನು ನಿಂತೇ ಇದ್ದೆ.
ಪೂಲು ಮುಗಿದಿತ್ತು, ನ್ಯೂಯಾರ್ಕು ಈಗ ಫೋನಿನಲ್ಲೇ ಕೆಮ್ಮುತ್ತಿತ್ತು.
ಫ್ಲೋರಿಡಾದಲ್ಲಿ ಕಾರ್ಡಿನ ತೂತು ಪೂರ್ತಿ ಬಿದ್ದಿದೆಯೋ ಅರ್ಧವೋ ಎಂದು
ಭೂತಗನ್ನಡಿ ಹಿಡಿದು ನೋಡಿದರು; ಮೂವತ್ತಾರು ದಿನ ಜಗಳ.
ಬೋರರ್ ಹುಳು ಕೊರೆದ ತೂತನ್ನು ಬೀಜದಲ್ಲಿ
ನಾನೂ ಹಾಗೇ ನೋಡುವುದು.
ಚೀಲಕ್ಕೊಂದು ಹಿಡಿ. ಐದು ನಿಮಿಷ.

ಹೋದ ಸಲ ಹಾಜಿಯ ಮೊಮ್ಮಗ ಶಮೀಲ್
ಫೋನಿನಲ್ಲಿ ನಕ್ಷೆ ತೋರಿಸಿದ. ಕೆಂಪು, ನೀಲಿ,
ನಡುನಡುವೆ ಹಣ್ಣಾಗದ ಬೂದು.
ಬಿಟ್ಟಂಗಾಲದ ಬೊಳ್ಳವ್ವ ಹಳೇ ಸಾಲಿನ ಚೆರ್ರಿ
ಎರಡು ಚೀಲ ಇಳಿಸಿ ಹಲಗೆ ನೋಡಿದಳು.
ಕಾಫಿಯ ಸಾಲು ಖಾಲಿ, ಅಪ್ಪನ ಕಾಲದ ಹಾಗೆ.

"ಯಾರು ಗೆದ್ದದ್ದು?"
"ಎಣಿಸುತ್ತಿದ್ದಾರೆ."
"ಸೋತವ ಒಪ್ಪಿಕೊಳ್ಳುತ್ತಾನಲ್ಲ?"
"ಮೊದಲೆಲ್ಲ ತಂತಿ ಕಳಿಸುತ್ತಿದ್ದ. ಈಗ ಹೇಳಲಾಗದು."

ಬೊಳ್ಳವ್ವ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು.
"ಹಾಗಾದರೆ ನಿನ್ನೆಯ ರೇಟಿಗೇ ತೂಗು.
ನನ್ನ ಬಸ್ಸು ಹನ್ನೊಂದಕ್ಕೆ."