ಚರ

ಲಿಥುವೇನಿಯಾದ ಅಂಚು ಮುಗಿದು
ಕಡಲೊಳಕ್ಕೆ ಚಾಚಿಕೊಂಡ ಮರಳ ನಾಲಿಗೆ.
ಅದರ ತುದಿಗೆ ಹಲಗೆಯದೊಂದು ಮನೆ.
ಸೆಪ್ಟೆಂಬರ್ ಕೊನೆ, ನಸುಕಿನ ಐದು ಗಂಟೆ.
ಸ್ಕೈಸ್ತೆಯ ಪರದೆಯ ಮೇಲೆ ಮೂವತ್ತು ಸಾಲು,
ಸಾಲಿಗೊಂದು ಹಕ್ಕಿ,
ಹಕ್ಕಿಗೊಂದು ಅಲ್ಯೂಮಿನಿಯಮ್ಮಿನ ಕಾಲುಂಗುರ,
ಅದರ ಮೇಲೊಂದು ಸಂಖ್ಯೆ.

ಒಂದೊಂದನ್ನೂ ದೂರದ ದಫ್ತರಗಳಲ್ಲಿ ವಿಚಾರಿಸಿ ಬರಬೇಕು:
ಎಲ್ಲಿ ಸಿಕ್ಕಿತು, ಯಾವಾಗ, ಜೀವ ಇತ್ತೋ ಇಲ್ಲವೋ.
ಹೋಗುವುದು ಅವಳಲ್ಲ, ಅವಳ ಎಡಿಟರು.
ಅದಕ್ಕೆ ಲಿಸ್ಪ್ ಬರುತ್ತದೆ, ಕಂಸಗಳ ಭಾಷೆ,
ತೆರೆದದ್ದನ್ನೆಲ್ಲ ಮುಚ್ಚಲೇಬೇಕಾದ ಭಾಷೆ.
ಹೋಗಿ ಬಾ ಅಂತ ಕಳಿಸಿ
ತನ್ನ ಪಾಡಿಗೆ ತಾನು ಬರೆಯುತ್ತಿರುವ ಏರ್ಪಾಡು;
ಉತ್ತರ ಬಂದಾಗ ಬಂದೀತು.

ಮೊದಲ ಸಲ ಮೂವತ್ತೂ ಮರಳಿದವು
ಒಂದೇ ಸುದ್ದಿ ಹೊತ್ತು.
ಎಲ್ಲವೂ ಕೊನೆಯ ಹಕ್ಕಿಯೇ ಆಗಿದ್ದವು.
ಎಲ್ಲವೂ ಒಂದೇ ಮಂಗಳವಾರ, ಬೋರ್ನ್‌ಹೋಮ್ ದ್ವೀಪದ
ಒಂದೇ ಗಾಜಿಗೆ ಬಡಿದು ಸತ್ತಿದ್ದವು.
ನಕ್ಕಳು ಮೊದಲು. ಆಮೇಲೆ ನಗು ಬರಲಿಲ್ಲ.
ಹೆಸರು ಹೇಳಿ ಕಳಿಸಿದ್ದಳು, ಬೆಲೆ ಕೊಟ್ಟಿರಲಿಲ್ಲ;
ಅವು ಬಂದು ಡಬ್ಬಿ ತೆರೆಯುವ ಹೊತ್ತಿಗೆ
ತಳದಲ್ಲಿ ಕಟ್ಟಕಡೆಯದ್ದೊಂದೇ ಉಳಿದಿತ್ತು.

ಎರಡನೆಯ ಸಲ
ಪ್ರತಿಯೊಂದಕ್ಕೂ ಬೇರೆ ಮನೆ ಮಾಡಿಕೊಟ್ಟಳು:
ಎಡಿಟರಿನ ಹೊಟ್ಟೆಯಿಂದ ಹುಟ್ಟಿದ ಮರಿ ಎಡಿಟರು,
ಕಿಟಕಿಯಿಲ್ಲದ್ದು, ಮುಖವಿಲ್ಲದ್ದು.
ಅಲ್ಲಿಂದ ಬಂದದ್ದು ಒಂದೇ ಸಾಲು:
ಆ ಹೆಸರಿನ ಚರ ಇಲ್ಲಿ ಯಾವುದೂ ಇಲ್ಲ.

ಚರವಂತೆ!
ಚರ ಅಂದರೆ ಚಲಿಸುವುದು.
ಇದು ಹೊಸ್ತಿಲನ್ನೂ ದಾಟಲಿಲ್ಲ.
ಬೇರೆ ಊರಲ್ಲಿ ಹುಟ್ಟಿದ ಕೂಸಿಗೆ
ತಾಯಿಯ ಅಡುಗೆಮನೆ ಗೊತ್ತಿಲ್ಲ,
ಉಪ್ಪಿನ ಡಬ್ಬಿ ಎಲ್ಲಿ ಎಂದರೆ
ಅಳುತ್ತದೆ, ಅಷ್ಟೆ.

ಬೆಳಕು ಹರಿಯುವಾಗ ಕೆಸ್ತಾಸ್ ಬಾಗಿಲು ತಳ್ಳಿದ,
ಹಣೆಗೆ ಕಟ್ಟಿದ ದೀಪ ಆರಿಸದೆ,
ಬೆರಳಿಗೆ ತೂಗಿದ ಅರಿವೆಚೀಲಗಳಲ್ಲಿ
ಒಂದೊಂದರಲ್ಲೂ ಒಂದು ಮಿಸುಕಾಟ.
ಕಂಪ್ಯೂಟರಿಗೆ ‘ನಿನ್ನ ಒಲೆ’ ಅನ್ನುವ ಮುದುಕ.
ಹಳೆಯ ಫಿಲ್ಮ್ ರೋಲಿನ ಡಬ್ಬಿಗೆ
ತಲೆಕೆಳಗಾಗಿ ಇಳಿಸಿ ತೂಗಿದ. ಐದು ಗ್ರಾಂ.
ನೆತ್ತಿಯ ಮೇಲೆ ಅರಿಸಿನದ ಗೀಟು.
ಇಕ್ಕುಳದಿಂದ ಉಂಗುರ ಒತ್ತಿ
‘ಬರಕೋ’ ಅಂದ, ಅಂಕಿ ಅಂಕಿ ಬಿಡಿಸಿ ಓದಿದ,
ಕಿಟಕಿಯಾಚೆ ಕೈ ಚಾಚಿ ಬೆರಳು ಸಡಿಲಿಸಿದ.

‘ಎಲ್ಲಿಗೆ ಹೋಗುತ್ತೆ?’
ಸುಮ್ಮನೆ ಕೇಳಿದ್ದು.
‘ನನಗೇನು ಗೊತ್ತು.
ಹಿಡಿದವನು ನನ್ನನ್ನು ಕೇಳುವ ಹಾಗಿಲ್ಲ,
ಕಾಲು ನೋಡಿಕೊಳ್ಳಲಿ’ ಎಂದವನು
ಸಕ್ಕರೆ ಮುಗಿದಿದೆಯೆಂದು ಗೊಣಗುತ್ತ ಚಹಾಕ್ಕೆ ನೀರಿಟ್ಟ.

ಸ್ಕೈಸ್ತೆ ಮತ್ತೆ ಆ ಸಾಲಿಗೆ ಬಂದಳು.
ಶುರುವಿಗೆ ಓರೆಯಾದೊಂದು ಗೀರು,
ಹೆಸರಿಗೆ ಮೊದಲು ಒಂದು ಅಲ್ಪವಿರಾಮ,
ನೊಣ ಕೂತೆದ್ದು ಹೋದಷ್ಟು ಗುರುತು.
ವಾಕ್ಯದಲ್ಲಾದರೆ ಉಸಿರಿಗೆ ನಿಲ್ಲುವ ಜಾಗ.
ಇಲ್ಲಿ ಅದು ಹೇಳುವುದೇ ಬೇರೆ:
ಹೊರಡುವ ಮುನ್ನ ನಿಲ್ಲು,
ಹೆಸರನ್ನು ಇಲ್ಲೇ ಕಳಚಿಡು,
ಒಳಗಿದ್ದದ್ದನ್ನು ಮೈಗೆ ಕಟ್ಟಿಕೊಂಡು ಹೋಗು.

ಬಂದವು, ಹಿಂದುಮುಂದಾಗಿ,
ಹನ್ನೊಂದನೆಯದ್ದು ಮೊದಲು,
ಮೊದಲನೆಯದ್ದು ಎಷ್ಟೋ ಹೊತ್ತಿಗೆ;
ಒಂದೊಂದೂ ತನ್ನ ಸಾಲು ಹುಡುಕಿಕೊಂಡು ಕೂತಿತು.
ಗಾಜಿಗೆ ಬಡಿದದ್ದು ಒಂದೇ.
ಒಂದು ಬೆಲ್ಜಿಯಮ್ಮಿನಲ್ಲಿ, ಯಾರದೋ ಬೆಕ್ಕಿನ ಬಾಯಲ್ಲಿ.
ಎರಡು, ಮತ್ತೆ ಇದೇ ಬಲೆಯಲ್ಲಿ.
ಉಳಿದ ಬಹಳಷ್ಟಕ್ಕೆ: ಯಾರೂ ಕಂಡಿಲ್ಲ.

ಇಪ್ಪತ್ತೊಂಬತ್ತು.
ಪರದೆಯ ಕೆಳಗಂಚಿನಲ್ಲಿ
ಇನ್ನೊಂದರ ಗುರುತು: ಓಡುತ್ತಿದೆ.
ಚಹಾ ಆರಿತು. ಏಳನೆಯ ಸಾಲಿನ ಕಾಗುಣಿತ ತಿದ್ದಿದಳು.
ನಿಲ್ಲಿಸುವ ಕೀಲಿ ಎರಡು ಬೆರಳಿನಾಚೆ ಇತ್ತು.
ಒತ್ತಲಿಲ್ಲ.