ಹೆಸರಿಲ್ಲದ ಡಬ್ಬಿಗಳು

ಒಹಾಯೊ ಹೊಳೆ ಚರ್ಚಿನ ನೆಲಮಾಳಿಗೆಗೆ ನುಗ್ಗಿ
ಡಬ್ಬಿಗಳನ್ನು ಬಿಟ್ಟು
ಹೆಸರುಗಳನ್ನಷ್ಟೇ ಒಯ್ದಿತ್ತು.

ಬುಧವಾರ. ಮೆಟ್ಟಿಲ ತುದಿಯ ತನಕ ಸಾಲು.
ವರ್ನಾ ಒಂದೊಂದನ್ನೇ ಕಿವಿಗೆ ಹಿಡಿದು ಕುಲುಕುತ್ತಾಳೆ:
ಗುಳುಗುಳು ಅಂದರೆ ಪೀಚ್ ಹಣ್ಣು,
ಮಂದವಾಗಿ ಹೊರಳಿದರೆ ಬೀನ್ಸ್,
ಸದ್ದೇ ಇಲ್ಲದ್ದು ಕುಂಬಳ,
ಇಲ್ಲವೇ ನಾಯಿಯ ಊಟ;
ಅಂಥವನ್ನು ಪಕ್ಕಕ್ಕಿಡುತ್ತಾಳೆ.

ಉಕ್ಕಿನ ಕಾರ್ಖಾನೆಗೆ ಕಿವಿ ಕೊಟ್ಟು ಬಂದ ಡೆಲ್ಬರ್ಟ್
'ಯಾವುದಾದರೂ ಸರಿ' ಅಂತ ಕೂಗಿದ.
ಮನೆಯಲ್ಲಿ ಎಷ್ಟು ಜನ?
ಎರಡು ಬೆರಳು ಎತ್ತಿದ.

ಇರೀನ್ ತೀರಿ ಮಾರ್ಚಿಗೆ ವರ್ಷ.
ಅವತ್ತು ಇದೇ ನೆಲಮಾಳಿಗೆಯಲ್ಲಿ
ನಲವತ್ತು ಜನಕ್ಕೆ ಸೂಪು ಬಡಿಸಿದ್ದು ವರ್ನಾಳೇ.

ರಿಜಿಸ್ಟರಿನಲ್ಲಿ 'ಎರಡು' ಎಂದು ಬರೆದಳು.
ಪೀಚ್ ಒಂದನ್ನು ಆರಿಸಿದಳು. ಆಮೇಲೆ, ತಡೆದು,
ಪಕ್ಕಕ್ಕಿಟ್ಟದ್ದರಲ್ಲಿ ಒಂದನ್ನು.

ಹೊರಗೆ, ಸೈಕಲ್ ಕಂಬಕ್ಕೆ ಕಟ್ಟಿದ್ದ ಮುದಿ ನಾಯಿ
ಚೀಲದ ಸದ್ದಿಗೆ
ಎದ್ದು ನಿಂತಿತು.