ಬಾಕಿ

ಎರಡು ಸಂಕಲನಗಳಲ್ಲಿ ನಾನು ಸಾವನ್ನು
ಒಟ್ಟು ಹದಿನೇಳು ಸಲ ಕರೆದಿದ್ದೆ.
ಒಮ್ಮೆ ಕಪ್ಪು ಕುದುರೆ, ಒಮ್ಮೆ ಅತಿಥಿ,
ಒಮ್ಮೆ ತಾಯಿ (ಅದಕ್ಕೊಂದು ಬಹುಮಾನವೂ ಬಂತು).
ಯೊಎನ್ಸೂವಿನ ಗ್ರಂಥಾಲಯದಲ್ಲಿ ಓದಿದಾಗ
ಮುಂದಿನ ಸಾಲಿನವರು ಕಣ್ಣೊರೆಸಿಕೊಂಡರು.
ಆಗಿನ್ನೂ ನಾನು ಒಂದು ಹೆಣವನ್ನೂ ತೊಳೆದಿರಲಿಲ್ಲ.

ಪಲಾಗಾ ತೊಳೆದವಳು. ಯುದ್ಧದ ವರ್ಷ
ಹಸುವಿನ ಹಗ್ಗ ಹಿಡಿದು, ಏಳರ ಹುಡುಗಿ,
ಗಡಿಯ ಆಚೆಯಿಂದ ನಡೆದೇ ಬಂದವಳು.
ಕರೇಲಿಯದ ಅಳುಹಾಡು ಅವಳ ಗಂಟಲಲ್ಲಿ ಉಳಿದಿತ್ತು.
ರೆಕಾರ್ಡರು ಮೇಜಿನ ಮೇಲಿಟ್ಟು ಕೇಳಿದೆ:
ನಿಮ್ಮ ಹಾಡಿನಲ್ಲಿ ಸಾವಿಗೆ ಏನನ್ನುತ್ತೀರಿ?
"ಏನೂ ಅನ್ನುವುದಿಲ್ಲ.
ಅದು ನಾಯಿಯಿದ್ದ ಹಾಗೆ, ಮಗಾ. ಹೆಸರು ಹಿಡಿದರೆ
ಬಾಲ ಅಲ್ಲಾಡಿಸುತ್ತ ಒಳಗೇ ಬಂದೀತು."

ಹೋದವರ ಹೆಸರನ್ನೂ ಹೇಳುವಂತಿಲ್ಲ.
ಗಂಡನೆಂದರೆ ನನ್ನ ಪಕ್ಕದ ಬೆಚ್ಚನೆಯದು,
ಗೋರಿಯೆಂದರೆ ಹೊಗೆಯೇಳದ ಮನೆ.
ಸುತ್ತಿ ಸುತ್ತಿ, ನೇರ ಎಲ್ಲೂ ಮುಟ್ಟದೆ,
ಸುಡುವ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಇಳಿಸಿದ ಹಾಗೆ.

ಒಲೆಯ ಪಕ್ಕ ಅವಳ ತಮ್ಮ ಮೀಹ್ಕಲಿ ಕೆಮ್ಮುತ್ತಿದ್ದ.
ಮೂವತ್ತೊಂದು ವರ್ಷ ಮರ ಸೀಳಿದ ಕಾರ್ಖಾನೆಯ ಹೊಟ್ಟು
ಎದೆಯೊಳಗೆ ಮನೆ ಮಾಡಿತ್ತು.
ಕ್ರಿಸ್ಮಸ್‌ವರೆಗೆ, ಅಂದಿದ್ದರು ಡಾಕ್ಟರು, ಹೆಚ್ಚೆಂದರೆ.
ಅವನು ಅಲ್ಲಿಂದ ನೆಟ್ಟಗೆ ಹೋದದ್ದು ಅಂಗಡಿಗೆ.
ದೋಣಿಗೊಂದು ಹೊಸ ಮೋಟಾರು, ಕೆಂಪು ಟೋಪಿಯದು.
ಚಳಿಗಾಲದ ಸೂರ್ಯ ಮೂರಕ್ಕೇ ಕಂತುವ ಊರಿನಲ್ಲಿ
ಹನ್ನೆರಡು ಕಂತು ಬರೆಸಿಕೊಂಡು ಬಂದ.
"ಸಾಲಗಾರನನ್ನು ಯಾರೂ ಅವಸರದಲ್ಲಿ ಕರೆಯುವುದಿಲ್ಲ.
ಕರೆದರೂ ಬ್ಯಾಂಕಿನವರು ಬಿಡುವುದಿಲ್ಲ."

ಪ್ರತಿರೋಧ, ಎಂದು ಬರೆದುಕೊಂಡೆ.
ಏನದು, ಎಂದು ಇಣುಕಿದಳು ಪಲಾಗಾ. ಓದಿ ಹೇಳಿದೆ.
"ದಡ್ಡತನ ಅಂತಲೂ ಬರಿ, ಜಾಗ ಇದ್ದರೆ."

ಕ್ರಿಸ್ಮಸ್ ಬಂತು, ಹೋಯಿತು.
ಸರೋವರ ಲಾರಿ ಓಡುವಷ್ಟು ಗಟ್ಟಿಯಾಗಿತ್ತು.
ಮೀಹ್ಕಲಿ ಸೌನಾದ ಪೀಪಾಯಿಗೆ ಬಿಸಿನೀರು ತುಂಬಿಸಿ,
ಬಾಗಿಲು ತೆರೆದಿಟ್ಟು,
ಅಂಚಿಗೆ ಮೋಟಾರು ಕಚ್ಚಿಸಿ ಹಗ್ಗ ಎಳೆಯುತ್ತಿದ್ದ.
ಮೂರನೆಯ ಎಳೆತಕ್ಕೆ ಅವನ ಉಸಿರೇ ನಿಲ್ಲುವುದು,
ನಾಲ್ಕನೆಯದಕ್ಕೆ ಮೋಟಾರು ಹಿಡಿಯುವುದು.
ಜನವರಿಯ ಮೈನಸ್ ಮೂವತ್ತರಲ್ಲಿ
ಊರಿಗೆಲ್ಲ ಕೇಳುವಂತೆ ಒಂದು ದೋಣಿ
ದೋಣಿಯೇ ಇಲ್ಲದೆ ಓಡುತ್ತಿತ್ತು.

ನನ್ನ ಹದಿನೇಳು ಸಾವುಗಳಲ್ಲಿ ಒಂದಕ್ಕೂ
ಪೆಟ್ರೋಲಿನ ವಾಸನೆ ಇರಲಿಲ್ಲ.

ಏಪ್ರಿಲ್ ಕೊನೆಗೆ, ಮಂಜುಗಡ್ಡೆ ಅಂಚಲ್ಲಿ ಬಿಟ್ಟುಕೊಳ್ಳುವಾಗ
ಅವನು
(ಇಲ್ಲೊಂದು ಪದ ಬೇಕು. ಹಳೆಯ ಪದಗಳೆಲ್ಲ
ಕೊರಳುಪಟ್ಟಿ ಸರಿಮಾಡಿಕೊಂಡು ಎದ್ದು ನಿಂತವು.
ಕೂತುಕೊಳ್ಳಿ, ಎಂದೆ.)
ತೀರಿಕೊಂಡ ಅನ್ನಲೆ?
ಐದು ಕಂತು ತೀರಿರಲಿಲ್ಲ.

ಅದೇ ಪೀಪಾಯಿಯ ನೀರು ಕಾಯಿಸಿದಳು.
"ಕಾಲಿನ ಕಡೆ ಹಿಡಿ." ಹಿಡಿದೆ.
ಬಲಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ.
ನೀರಿನ ಮೇಲೆ ಎಣ್ಣೆಯ ತೆಳ್ಳನೆ ಬಣ್ಣ ತೇಲುತ್ತಿತ್ತು.
ರೆಕಾರ್ಡರು ಚೀಲದಲ್ಲೇ ಉಳಿಯಿತು.

ಆಮೇಲೆ ಕರವಸ್ತ್ರ ಮುಖಕ್ಕೆ ಹಿಡಿದು ಶುರುಮಾಡಿದಳು,
ಒಂದೇ ಉಸಿರಿನ ಸಾಲು, ಮೆಟ್ಟಿಲಿಳಿಯುತ್ತ, ಇಳಿಯುತ್ತ:
ನನ್ನ ಹಿಂದೆ ಅದೇ ತೊಟ್ಟಿಲಿಗೆ ಬಂದವನೇ,
ಮರದ ಧೂಳು ಉಂಡವನೇ,
ನಿಂತ ನೀರಲ್ಲಿ ದೂರ ಹೋದವನೇ,
ಐದು ತಿಂಗಳು ಬಾಕಿ ಇರುವವನೇ,
ಹೊಗೆಯೇಳದ ಮನೆಯವರು ಕೇಳಿದರೆ ಹೇಳು
ಲೆಕ್ಕ ಇನ್ನೂ ನಡೆಯುತ್ತಿದೆಯೆಂದು.

ಹಾಡಿನಲ್ಲೆಲ್ಲೂ ಆ ನಾಯಿಯ ಹೆಸರಿಲ್ಲ.
ಕರೆಯದೆಯೂ ಬಂದಿತ್ತು ಅದು, ತಿಂದು ಹೋಗಿತ್ತು.
ಆದರೂ ಅವಳು ಕರೆಯಲಿಲ್ಲ.

ತಿಂಗಳಿಗೊಮ್ಮೆ ಬಸ್ಸು ಹತ್ತಿ ಪೇಟೆಗೆ ಹೋಗಿ ಕಟ್ಟಿದಳು.
ನಾಲ್ಕು ಕಟ್ಟಿದಳು. ಸೆಪ್ಟೆಂಬರಿನಲ್ಲಿ,
ಗಾಜಿನಾಚೆಯ ಹುಡುಗಿ ಕೈಚಾಚಿದಾಗ,
ಕೈಚೀಲದ ಬಾಯಿ ಮುಚ್ಚಿಬಿಟ್ಟಳು: "ಒಂದು ಇರಲಿ."

ಈಗ ನೋಟೀಸು ಬರುತ್ತದೆ, ತಪ್ಪದೆ, ಬಡ್ಡಿ ಸೇರಿಸಿಕೊಂಡು.
ಅವಳಿಗೆ ಅಕ್ಷರ ಕಾಣುವುದಿಲ್ಲ, ನಾನೇ ಓದುತ್ತೇನೆ,
ಬಹುಮಾನದ ಪದ್ಯ ಓದಿದ್ದಕ್ಕಿಂತ ನಿಧಾನವಾಗಿ:
ಮಾನ್ಯ ಮೀಹ್ಕಲಿ ವೊರ್ನಾನೆನ್ ಅವರೇ,
ನೀವು ಇನ್ನೂ—

"ಅಷ್ಟು ಸಾಕು," ಎನ್ನುತ್ತಾಳೆ. "ಮೊದಲ ಸಾಲು ಇನ್ನೊಮ್ಮೆ ಓದು."